ಎಲ್ಲಕ್ಕಿಂತ ಕಮ್ಮಿ ಕೊಟೇಶನ್

ವಿಕ್ರೋಳಿಯ ಆ ಬಿಲ್ಡಿಂಗಿಗೆ ಬಾಡಿಗೆಗೆ ಬಂದ ದಿನ, ಸ್ಕ್ರೂಡ್ರೈವರಿನಿಂದ ಲಿಫ್ಟಿನ ಬಾಗಿಲು ಕುಟ್ಟುತ್ತಿದ್ದ ಹಿರಿಯರನ್ನು ರಿಪೇರಿಯವರೆಂದೇ ತಿಳಿದು, ಚಿನ್ಮಯ್ ಎಂಬ ಬುದ್ಧಿವಂತ ಗುಮಾಸ್ತ ಚಾಯ್‌ಗೆಂದು ಅವರ ಕೈಗೆ ಹತ್ತು ರೂಪಾಯಿ ತುರುಕಿದ್ದ. ಅವರು ಬಿಲ್ಡಿಂಗಿನ ಮನೆಯವರೆಲ್ಲ ಸೇರಿದ ಸೊಸೈಟಿಯ ಸೆಕ್ರೆಟರಿ ವೆಂಕಟಸುಬ್ಬಯ್ಯನವರು. ದುಡ್ಡು ಹಿಂದಿರುಗಿಸಲಿಲ್ಲ, ಲಿಫ್ಟ್ ಫಂಡಿನ ರಸೀದಿ ಹರಿದುಕೊಟ್ಟರು. ಕೊಳ್ಳುವುದೇನೇ ಇರಲಿ, "ಮೂರು ಕೊಟೇಶನ್ ತರಿಸಿದೀನಪ್ಪ, ಇದೇ ಎಲ್ಲಕ್ಕಿಂತ ಕಮ್ಮಿ" ಎಂದು ಎದೆಯುಬ್ಬಿಸುವುದು ಅವರ ರೂಢಿ. ಅವರು ಕೊಂಡ ನಲ್ಲಿ ಸೋರುತ್ತದೆ. ಅದರ ಕೆಳಗಿಟ್ಟ ಬಕೆಟ್ಟೂ ಅವರೇ ಕೊಂಡದ್ದು, ಅದೂ ಸೋರುತ್ತದೆ. ಜಾರಿ ಬೀಳಬೇಡಿ ಎಂಬ ಬೋರ್ಡಿನ ಅಕ್ಷರಗಳು ಆ ನೀರಿಗೇ ಕರಗಿಹೋಗಿವೆ. ಲಿಫ್ಟನ್ನಂತೂ ಅಗ್ಗದವರಿಂದ ಎಷ್ಟು ಸಲ ರಿಪೇರಿ ಮಾಡಿಸಿದರೂ ವಾರದೊಳಗೆ ಅದು ಮತ್ತೆ ಮುನಿಸಿಕೊಳ್ಳುತ್ತದೆ. ಐದನೇ ಮಹಡಿಯಲ್ಲಿ ಸೆಕ್ರೆಟರಿಯವರ ಹೆಂಡತಿ ಸುಮಿತ್ರಮ್ಮ ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದೆ, ಮಳೆಗಾಲದಿಂದ ಮನೆಯಲ್ಲೇ ಇದ್ದಾರೆ. ಶನಿವಾರ ಬಂತೆಂದರೆ ಮಾಟುಂಗದ ದೇವಸ್ಥಾನಕ್ಕೆ ವೆಂಕಟಸುಬ್ಬಯ್ಯನವರೊಬ್ಬರೇ ಹೋಗಿ, ಆಕೆಗೆ ಪ್ರಸಾದ ಹಿಡಿದು, ಮಹಡಿಗೊಮ್ಮೆ ನಿಂತು ಉಸಿರೆಳೆದುಕೊಂಡು ಹತ್ತುತ್ತಾರೆ. ಹಾಗೆ ನಿಂತಿದ್ದಾಗ ಚಿನ್ಮಯ್ ಕೇಳಿಯೇಬಿಟ್ಟ: "ಆಂಟಿಗೆ ಕೆಳಗಿಳಿಯೋಕೇ ಆಗ್ತಿಲ್ಲ. ಈ ರಿಪೇರಿ ಅಗ್ಗ ಆಯ್ತಾ ಅಂಕಲ್?" "ಇಲ್ಲ ಕಣಯ್ಯ, ದುಬಾರಿ ಆಯ್ತು. ಭಾನುವಾರ ಮೀಟಿಂಗಿದೆ, ಎಲ್ಲರಿಗೂ ಹೇಳಿ ಸೆಕ್ರೆಟರಿ ಕೆಲಸದಿಂದ ನನ್ನನ್ನ ತೆಗೆಸಿಬಿಡು. ನಾನಿದ್ರೆ ಮತ್ತೆ ಅಗ್ಗದವನನ್ನೇ ಕರೀತೀನಿ."