ನಾಲ್ಕನೆಯ ಭಾನುವಾರ

ಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಹೊಲಿಗೆ ಟೀಚರ್ ಸೂಜಿಗೆ ದಾರ ಪೋಣಿಸುವಾಗಲೂ “ಅವನು ಕೊಟ್ಟ ಮಾತು ತಪ್ಪಲ್ಲ” ಅನ್ನುತ್ತಿದ್ದರು. ಅವನೆಂದರೆ ದೇವರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಸಂಜೆ, ಯೇಸುವಿನ ಬರುವಿಕೆಯನ್ನು ಕಾಯುತ್ತ, ವಾರಕ್ಕೊಂದು ಹೆಚ್ಚಿಗೆ ಸೇರಿಸಿ ಮೇಣದಬತ್ತಿ ಹಚ್ಚುತ್ತಿದ್ದರು.

ಅರವತ್ತರ ದಶಕದ ಒಂದು ಡಿಸೆಂಬರಿನಲ್ಲಿ ಅವರ ಯಜಮಾನರು ಕ್ಷಯರೋಗದಿಂದ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕೈಚೆಲ್ಲಿದ್ದರು. ಟೀಚರ್ ಬಳಿ ಹೊಲಿಗೆ ಕಲಿಯುತ್ತಿದ್ದ ನಾನು ತಡೆಯಲಾರದೆ ಕೇಳಿದೆ: “ಟೀಚರ್, ಅವರನ್ನ ಉಳಿಸ್ತೀನಿ ಅಂತ ದೇವರು ಮಾತು ಕೊಟ್ಟಿದಾನಾ?”

ಅವರು ಹೊಲಿಗೆ ಮಿಷನ್ ನಿಲ್ಲಿಸಿದರು. “ಇಲ್ಲ ಕಣಮ್ಮ. ಜೊತೇಲಿರ್ತೀನಿ ಅಂದಿದಾನೆ. ನಾನು ಅಷ್ಟನ್ನೇ ಹಿಡ್ಕೊಂಡಿದೀನಿ.”

ಮೂರನೆಯ ಭಾನುವಾರ ಕಳೆದ ಮೇಲೆ ಯಜಮಾನರು ತೀರಿಕೊಂಡರು. ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದರು. ಮುಂದಿನ ಭಾನುವಾರ ಸಂಜೆ ಆ ಮನೆಯಲ್ಲಿ ದೀಪವಿರಲಿಲ್ಲ. ಮಡಿ ಬಿಡದ, ಅದುವರೆಗೂ ಅವರ ಹೊಸಿಲು ದಾಟದಿದ್ದ ನನ್ನಮ್ಮ ಕಾಫಿ ಹಿಡಿದು ಒಳಗೆ ಹೋದಳು, ಹಿಂದೆ ನಾನು. ಟೀಚರ್ ಬೆಂಕಿಪೊಟ್ಟಣ ಹಿಡಿದು ಮೇಜಿನ ಮುಂದೆ ಕೂತಿದ್ದರು. ಕಡ್ಡಿ ತೆಗೆದು ಮತ್ತೆ ಒಳಗಿಟ್ಟರು.

“ಒಬ್ಬಳ ಕೈಲಿ ಆಗ್ತಿಲ್ಲ” ಅಂದರು.

“ಕೊಡಿ, ನಾನು ಹಚ್ತೀನಿ.”

ಅಮ್ಮ ನಾಲ್ಕೂ ಬತ್ತಿ ಹಚ್ಚಿ ಅವರ ಪಕ್ಕದಲ್ಲೇ ಕೂತಳು. ಟೀಚರ್ ಅಮ್ಮನ ಭುಜಕ್ಕೆ ತಲೆಯಾನಿಸಿ, ಯಜಮಾನರು ಹೋದ ಮೇಲೆ ಮೊದಲ ಸಲ ಅತ್ತರು.