ನಿದ್ದೆಯ ಸೂಜಿ

ನಮ್ಮೂರ ದನದ ದವಾಖಾನೆಗೆ ಬಂದ ಡಾಕ್ಟರ್‌ಬಾಯಾರ ಬಳೆಗಳೆಲ್ಲ ಬಲಗೈಯಲ್ಲೇ ಇರುತ್ತಿದ್ದವು. ಎಡಗೈ ಬೋಳು. ಕುಪ್ಪಸದ ಎಡತೋಳನ್ನೂ ಹೆಗಲಿನವರೆಗೆ ಕತ್ತರಿಸಿ ಹೊಲಿಸಿಕೊಂಡಿದ್ದರು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡಬಿದ್ದ ಕರುವನ್ನು ಹಿಡಿದು ತಿರುಗಿಸುವ ಕೈ ಅದು. ಮುತ್ತೈದೆಯೊಬ್ಬಳು ಒಂದು ಕೈ ಬೋಳು ಬಿಟ್ಟುಕೊಂಡು ಓಡಾಡುವುದನ್ನು ಕಂಡು ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಮ್ಮವ್ವ ಮಾತ್ರ ಕೇಳಿಯೇ ಬಿಟ್ಟಳು:

"ಬಾಯಾರ, ಈ ಕೈಗೆ ಗಂಡ ಇಲ್ಲೇನ್ರಿ?"

"ಈ ಕೈ ಗಂಡ ನಿಮ್ಮ ಎಮ್ಮಿ ಹೊಟ್ಟ್ಯಾಗ ಅದಾನ್ರಿ ಅವ್ವಾರ. ತಡೀರಿ, ಎಳದ ತರ್ತೇನಿ."

ಅವತ್ತಿನಿಂದ ಇಬ್ಬರಿಗೂ ಗೆಳೆತನ.

ಸವದತ್ತಿಯಿಂದ ಬೈಲಹೊಂಗಲಕ್ಕೆ ಹೋಗುವ ದಾರಿಯ ಮೇಲೆ ನಮ್ಮೂರು. ಬಾಯಾರ ತವರು ರಾಮದುರ್ಗ. ಸ್ಕೂಟರಿನ ಮೇಲೆ ಬಂದು ನಮ್ಮ ಕಟ್ಟೆಯ ಮೇಲೆ ಕುಂತು, ಬಸಿಗೆ ಸುರಿದು ಚಹಾ ಕುಡಿದೇ ದವಾಖಾನೆಯ ಬಾಗಿಲು ತೆರೆಯುತ್ತಿದ್ದರು. ಬಾಯಿ ಮಾತ್ರ ಕಾಯ್ದ ಹಂಚು. ಹೊಟ್ಟೆ ಉಬ್ಬಿದ ಆಕಳನ್ನು ಮನೆಯಲ್ಲೇ ಇಟ್ಟುಕೊಂಡು ತಡವಾಗಿ ತಂದವನಿಗೆ, "ನಿನ್ನ ಹೊಟ್ಟಿ ಉಬ್ಬಿದ್ರ ಹಿಂಗ ಕಾಯ್ಕೋತ ಕುಂದರತಿದ್ಯೇನಲೇ? ಬಯಲಕಡಿ ಓಡ್ತಿದ್ದಿ!" ಎನ್ನುತ್ತಿದ್ದರು. "ದನಕ್ಕ ಬಾಯಿಲ್ಲ, ಅದರ ಪಾಲಿಂದೂ ನಾನ ಮಾತಾಡ್ತೇನಿ" ಎಂಬುದು ಅವರ ಸಮಜಾಯಿಷಿ.

ಇಷ್ಟು ಬಾಯಿದ್ದವರು ಒಂದೇ ಒಂದು ಕೆಲಸದಲ್ಲಿ ಮಾತಾಡುತ್ತಿರಲಿಲ್ಲ.

ನಮ್ಮ ಕಡೆ ದುಡಿದ ಎತ್ತು ಎಂದರೆ ಬಸವಣ್ಣ. ಅದು ಸೊಂಟ ಮುರಿದುಕೊಂಡು ಬಿದ್ದರೂ ಕೊಲ್ಲು ಎನ್ನುವ ಮಾತು ಒಕ್ಕಲಿಗನ ಬಾಯಲ್ಲಿ ಬರುವಂತಿಲ್ಲ. ಹಾಗಂತ ಅದರ ನರಳಾಟವನ್ನೂ ಕೇಳಲಾಗುವುದಿಲ್ಲ. ಅದಕ್ಕೆ ಬಾಯಾರು ಒಂದು ದಾರಿ ಹಾಕಿದ್ದರು. ಮನೆಯ ಹಿರಿಯನಾದವನು ಎತ್ತಿಗೆ ಭಂಡಾರದ ಅರಿಶಿನ ಹಚ್ಚಿ, ಒಂದು ಹೋಳಿಗೆ ತಿನ್ನಿಸಿ, ಕೊರಳ ಗೆಜ್ಜೆ ಬಿಚ್ಚಿ, ಹಗ್ಗವನ್ನು ಬಾಯಾರ ಕೈಗೆ ಕೊಟ್ಟು ಒಳಗೆ ಹೋಗಬೇಕು. ಬಾಯಾರು, "ನಿದ್ದಿ ಸೂಜಿ ಮಾಡ್ತೇನ್ರಿ. ಏಳೂದು ಬಿಡೂದು ಮ್ಯಾಲಿನವನ ಕೈಯಾಗ" ಎನ್ನುತ್ತಿದ್ದರು. ಎತ್ತು ಏಳುತ್ತಿರಲಿಲ್ಲ. ಯಾರೂ ಏನೂ ಕೇಳುತ್ತಿರಲಿಲ್ಲ. ಆ ಸೂಜಿ ಏನೆಂದು ಊರಿಗೆ ಊರೇ ಬಲ್ಲದು, ಊರಿಗೆ ಊರೇ ಅರಿಯದು.

ಹೀಗಿರುವಾಗ ಟೀವಿಯವರು ಬಂದರು. ಹಳ್ಳಿಯ ದನದ ದವಾಖಾನೆಯನ್ನು ಇದ್ದದ್ದು ಇದ್ದಂತೆ ತೋರಿಸುವ ರಿಯಾಲಿಟಿ ಶೋ ಅಂತೆ. ಇದ್ದದ್ದು ಇದ್ದಂತೆ ಎಂದರೂ ಬೈಗುಳ ಚೆನ್ನಾಗಿ ಬರದಿದ್ದರೆ, ಶೋ ಮಾಡಿಸುತ್ತಿದ್ದ ಹುಡುಗಿ, "ಮೇಡಂ, ಇನ್ನೊಂದು ಸಲ ಬೈರಿ, ಬೆಳಕು ಸರಿ ಇರಲಿಲ್ಲ" ಎನ್ನುತ್ತಿದ್ದಳು. ಎದುರಿಗೆ ನಿಂತ ರೈತ, "ಬಾಯಾರ, ಈಗ ನಾ ಏನ ತಪ್ಪ ಮಾಡೇನ್ರಿ?" ಎಂದರೆ, "ಮುಂದ ಮಾಡಾಂವ ಅದಿಯಲ್ಲ, ಈಗ ಬೈಸಿಗೊಂಡ ಹೋಗು!" ಎಂದು ಮತ್ತೆ ಶುರು ಮಾಡುತ್ತಿದ್ದರು. ನಾಡೆಲ್ಲ ನಕ್ಕಿತು. ಕಿತ್ತೂರಿನಿಂದ ಗಾಡಿ ಮಾಡಿಕೊಂಡು ಬಂದು ಬೈಸಿಕೊಂಡು ಹೋದವರಿದ್ದಾರೆ. ಸವದತ್ತಿ ಸಂತೆಯಲ್ಲಿ ಬದನೆಕಾಯಿ ಮಾರುವವಳು, "ಒಮ್ಮೆ ಬೈರಿ ಬಾಯಾರ, ಫೋನಿನ್ಯಾಗ ಹಿಡಕೋತೇನಿ" ಎಂದು ಗಂಟುಬಿದ್ದಳಂತೆ. ಬಾಯಾರಿಗೂ ಇದು ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಮುಖಕ್ಕೆ ಪೌಡರು ಬಂತು. ಕ್ಯಾಮರಾ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುವ ರೂಢಿಯೂ ಬಂತು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಎದುರುಮನೆಯ ಅಜ್ಜನ ಎತ್ತು ಬಿತ್ತು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೋಗುವ ಲಾರಿಯವರೆಗೆ ಹೊಲದಿಂದ ಕಬ್ಬು ಎಳೆಯುತ್ತಿದ್ದ ಚಕ್ಕಡಿ ಮಗುಚಿ ಸೊಂಟ ಮುರಿದಿತ್ತು. ಅಜ್ಜ ಭಂಡಾರ ಹಚ್ಚಿದ, ಹೋಳಿಗೆ ತಿನ್ನಿಸಿದ, ಗೆಜ್ಜೆ ಬಿಚ್ಚಿದ. ಹಗ್ಗ ಕೊಡುವಾಗ, "ಬಾಯಾರ, ಅದರ ಕಣ್ಣ ನೋಡಾಕ ಆಗವಲ್ದರಿ, ಲಗೂನ ಮುಗಿಸ್ರಿ" ಎಂದು ಪಿಸುಗುಟ್ಟಿ ಒಳಗೆ ಹೋದ. ಪಕ್ಕದಲ್ಲೇ ಎತ್ತಿನ ಕಾಲು ಹಿಡಿದುಕೊಂಡಿದ್ದ ನಾನು ಕೇಳಿಸಿಕೊಂಡೆ. ಆಗ ಕ್ಯಾಮರಾದವರ ಜೊತೆ ನಿಂತಿದ್ದ ಟೀವಿಯ ಹುಡುಗಿ ಕೇಳಿದಳು: "ಮೇಡಂ, ಇದು ಯಾವ ಇಂಜೆಕ್ಷನ್?"

ಬಾಯಾರು ಸೂಜಿಗೆ ಔಷಧ ಎಳೆದುಕೊಳ್ಳುತ್ತಲೇ, ರೂಢಿಯಲ್ಲಿ ಹೇಳಿಬಿಟ್ಟರು: "ಸೊಂಟ ಮುರದೈತಿ, ಇನ್ನ ಏಳಂಗಿಲ್ಲ. ಇದು ಸಾಯಿಸೂ ಸೂಜಿ."

ಅದು ಟೀವಿಯಲ್ಲಿ ಬಂದ ಸಂಜೆ ಅಜ್ಜನ ಪಡಸಾಲೆಯಲ್ಲಿ ಓಣಿಯೆಲ್ಲ ಸೇರಿತ್ತು. ಹೋದ ಎತ್ತನ್ನು ಇನ್ನೊಮ್ಮೆ ನೋಡಬಹುದೆಂದು ಅಜ್ಜನೇ ಎಲ್ಲರನ್ನೂ ಕರೆದಿದ್ದ. ಒಗೆದ ರುಮಾಲು ಸುತ್ತಿದ್ದ. ಚುರುಮುರಿ ಹಂಚಿಸಿದ್ದ. ಪರದೆಯ ಮೇಲೆ ಎತ್ತು ಕಿವಿ ಅಲ್ಲಾಡಿಸಿದಾಗ ಮೊಮ್ಮಕ್ಕಳು ಹೆಸರು ಹಿಡಿದು ಕೂಗಿದವು. ಅಜ್ಜ ಹೋಳಿಗೆ ತಿನ್ನಿಸುವುದನ್ನು ಪಿಟೀಲಿನ ದನಿಯ ಜೊತೆ ನಿಧಾನವಾಗಿ ತೋರಿಸಿದರು. ಆಮೇಲೆ ಬಾಯಾರ ಮಾತು ಬಂತು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದೂ ತೋರಿಸಿದರು.

ಚುರುಮುರಿ ಅಗಿಯುವ ಸದ್ದು ನಿಂತಿತು.

"ಬಸವಣ್ಣಗ ಉಣಿಸಿ ಕೊಲ್ಲಿಸಿದ್ಯೇನಣ್ಣಾ?" ಎಂದ ಅಜ್ಜನ ತಮ್ಮ. ಹಿಂದಿನ ವರ್ಷ ಅವನ ಎತ್ತಿಗೂ ಬಾಯಾರೇ ಬಂದಿದ್ದರು, ಅದೇ ಸೂಜಿ ಮಾಡಿದ್ದರು.

ಅಜ್ಜ ಎದ್ದು ನಿಂತ. "ಮೋಸ! ನಿದ್ದಿ ಸೂಜಿ ಅಂತ ಹೇಳಿ ಮೋಸ ಮಾಡಿದಳಾಕಿ!"

ಮರುದಿನ ಬೆಳಿಗ್ಗೆ ಬಾಯಾರು ಎಂದಿನಂತೆ ನಮ್ಮ ಕಟ್ಟೆಗೆ ಬಂದಾಗ ಮಂದಿ ಸುತ್ತುಗಟ್ಟಿತು. ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಹೇಳಬೇಕು ಎಂದರು. ಬಾಯಾರು ಅಜ್ಜನನ್ನು ನೋಡಿದರು. ಗೊತ್ತಿತ್ತು ಎಂದರೆ ಆ ಮನೆಯನ್ನು ಊರು ಹೊರಗಿಡುತ್ತಿತ್ತು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು, ಅದೂ ಮುರಿಯುತ್ತಿತ್ತು.

"ಇಲ್ಲ," ಎಂದರು ಬಾಯಾರು. "ಅಜ್ಜಾಗ ಗೊತ್ತಿರಲಿಲ್ಲ. ಸುಳ್ಳ ಹೇಳಿದಾಕಿ ನಾನು."

ಸುತ್ತ ನಿಂತವರಲ್ಲಿ ಹಗ್ಗ ಕೊಟ್ಟು ಒಳಗೆ ಹೋಗಿದ್ದವರೇ ಹೆಚ್ಚು. ಅವರೆಲ್ಲ ಒಂದೇ ಮಾತಿಗೆ ಅಮಾಯಕರಾಗಿಬಿಟ್ಟರು. ಅವರಲ್ಲೊಬ್ಬ ಬಾಯಾರ ಚಹಾದ ಬಸಿಯನ್ನು ಕಾಲಿನಿಂದ ಒದ್ದ.

ಟೀವಿಯವರು, ಆ ಕಂತನ್ನು ಬಹಳ ಮಂದಿ ನೋಡಿದರೆಂದು, ಎತ್ತಿನ ಮುಖ ಬಿಡಿಸಿದ ಕೇಕೊಂದನ್ನು ದವಾಖಾನೆಗೆ ಕಳಿಸಿದರು. ಬಾಯಾರು ಅದನ್ನು ನಾಯಿಗಳ ಮುಂದೆ ಇಟ್ಟು, ಕ್ಯಾಮರಾದವರನ್ನು ಊರು ಬಿಡಿಸಿದರು.

ಲಸಿಕೆಗೆ, ಹೆರಿಗೆಗೆ ಜನ ಮೊದಲಿನಂತೆಯೇ ಕರೆಯುತ್ತಿದ್ದರು. ಏಳಲಾರದೆ ಬಿದ್ದ ದನಕ್ಕೆ ಮಾತ್ರ ಕರೆಯುತ್ತಿರಲಿಲ್ಲ. ದನಗಳು ಬಿದ್ದಲ್ಲೇ ಬಿದ್ದಿರುತ್ತಿದ್ದವು. ಬೆನ್ನ ಹುಣ್ಣಿಗೆ ಕಾಗೆ ಕೂತರೆ ಗೋಣಿಚೀಲ ಹೊದಿಸಿ ಕೈಮುಗಿಯುತ್ತಿದ್ದರು. ಒದರಾಟ ಹೆಚ್ಚಾದರೆ ಟೀವಿಯ ದನಿ ಏರಿಸುತ್ತಿದ್ದರು. ಬಾಯಾರು ತಾವಾಗಿ ಹೋದರೆ, "ಕ್ಯಾಮರಾ ಎಲ್ಲಿ ಬಿಟ್ಟ ಬಂದ್ರಿ ಬಾಯಾರ? ಇಲ್ಲೊಂದು ಸಾಯಾಕ ಹತ್ತೈತಿ, ತೋರಸ್ರಿ ಮಂದಿಗೆ" ಎಂದು ಅಂಗಳದಲ್ಲೇ ತಡೆಯುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ನಮ್ಮ ಎತ್ತೇ ಬಿತ್ತು. ಬಾಯಾರು ನೋಡಿದರು, ಕೊಡುವ ಔಷಧವೆಲ್ಲ ಕೊಟ್ಟರು, ಕೊನೆಗೆ ನಿದ್ದೆಯ ಸೂಜಿಯ ಮಾತೆತ್ತದೆ ಹೊರಟುಹೋದರು. ಅದರ ಕಣ್ಣಿನ ಮೂಲೆಯಲ್ಲಿ ಹುಳ ಕಂಡ ದಿನ ಅವ್ವ ನನ್ನನ್ನು ಕರೆದುಕೊಂಡು ದವಾಖಾನೆಗೆ ನಡೆದಳು. ಅಲ್ಲಿ ಕೋಳಿ ಹಿಡಿದುಕೊಂಡು, ಆಡು ಹಿಡಿದುಕೊಂಡು ಜನ ನಿಂತಿದ್ದರು.

"ಬಾಯಾರ, ನಿದ್ದಿ ಸೂಜಿ..." ಎಂದಳು ಅವ್ವ.

"ಆ ಸೂಜಿ ತೀರೇತ್ರಿ ಅವ್ವಾರ."

"ಹಂಗನಬ್ಯಾಡ್ರಿ. ನಿಮಗ ಗೊತ್ತೈತಲ್ಲ."

"ನನಗೊಬ್ಬಾಕಿಗೇ ಗೊತ್ತಿದ್ದು ಸಾಕಾತು. ಏನ ಬೇಕು, ಬಾಯಿ ಬಿಟ್ಟ ಹೇಳ್ರಿ. ಇವರೆಲ್ಲಾ ಕೇಳ್ಲಿ."

ಗೆಳತಿ ಎಂದು ಒಂದಿಷ್ಟೂ ಸಡಿಲ ಬಿಡಲಿಲ್ಲ. ಅವ್ವ ನೆಲ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ ಹೇಳಿದಳು: "ನನ್ನ ಎತ್ತನ್ನ ಕೊಲ್ಲಾಕ ಬರ್ರಿ."

ಆಡು ಹಿಡಿದಿದ್ದವನು ಶಿವ ಶಿವಾ ಎಂದ. ಬಾಯಾರು ಚೀಲ ತೆಗೆದುಕೊಂಡರು.

ಅವ್ವ ಎಲ್ಲರ ಹಾಗೆ ಹಗ್ಗ ಕೊಟ್ಟು ಒಳಗೆ ಹೋಗಲಿಲ್ಲ. ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಕೈ ತಗೀಬ್ಯಾಡ್ರಿ, ಅದಕ್ಕ ನಿಮ್ಮ ವಾಸನಿ ಇರ್ಲಿ" ಎಂದು ಬಾಯಾರು ಸೂಜಿ ಚುಚ್ಚಿದರು. ಎತ್ತಿನ ಉಸಿರು ಅವ್ವನ ಸೀರೆಯ ಮೇಲೆ ನಿಂತಿತು. ಆಮೇಲೆ ಬಹಳ ದಿನ ಓಣಿಯಲ್ಲಿ ಯಾರೂ ಅವ್ವನ ಕೈಯ ನೀರು ಮುಟ್ಟಲಿಲ್ಲ. ಅವ್ವನೂ ಬಾಯಾರೂ ಕಟ್ಟೆಯ ಮೇಲೆ ಇಬ್ಬರೇ ಕುಂತು ಚಹಾ ಕುಡಿದರು.

ಬಾಯಾರಿಗೆ ವರ್ಗವಾಯಿತು. ಅವರ ಜಾಗಕ್ಕೆ ಹೊಸ ಡಾಕ್ಟರರು ಬಂದರು. ಬಾಯಾರು ರಾಮದುರ್ಗದಲ್ಲಿ ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಬಂದ ದಿನ, ಅಜ್ಜನ ಉಳಿದೊಂದು ಎತ್ತು ಕೊಟ್ಟಿಗೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ಅಜ್ಜ ನಮ್ಮ ಕಟ್ಟೆಗೆ ಬಂದು ಕುಂತ.

"ಮೋಸ ಮಾಡಿದ್ರೂ, ಕೈಗುಣದಾಕಿ ಇದ್ಲು ಪಾಪ," ಎಂದ.

ಅವ್ವ ಕಸಬರಿಗೆ ಕೆಳಗಿಟ್ಟಳು. "ಆಕಿ ಸತ್ಲು. ಇನ್ನ ಯಾರ ಮ್ಯಾಲ ಹಾಕ್ತಿ, ಹೇಳು ಯಜ್ಜಾ."

ಎದುರುಮನೆಯ ಕೊಟ್ಟಿಗೆಯಿಂದ ಎತ್ತು ಒದರಿತು. ನಾನು ಹೊಸ ಡಾಕ್ಟರರಿಗೆ ಫೋನ್ ಮಾಡಲು ಹೋದೆ. ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

"ತಡಿ," ಎಂದಳು. "ಅಂವಾ ಬಾಯಿ ಬಿಟ್ಟ ಹೇಳ್ಲಿ."

ಅಜ್ಜ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಎತ್ತು ಮತ್ತೆ ಒದರಿತು. ಅವ್ವ ಕೈ ಬಿಡಲಿಲ್ಲ.