ನೀರುಚಿಗಟಗಳ ಕಾವಲುಗಾತಿ
ಸ್ವೀಡನ್ನಿನ ಒಂದು ಸರೋವರದ ದಂಡೆಯ ಪ್ರಯೋಗಾಲಯದಲ್ಲಿ ನೀರುಚಿಗಟಗಳನ್ನು ಸಾಕುವ ಗುನ್ವೋರ್‌ಳ ಬಾಗಿಲು ದಾಟಬೇಕಾದರೆ, ಪ್ರೊಫೆಸರರೇ ಆಗಲಿ, ಮೊದಲು ಎರಡೂ ಕೈ ಚಾಚಬೇಕು. ಅವಳು ಕೈಗಳನ್ನು ಮೂಗಿಗೆ ಹಿಡಿದು, ರೆಪ್ಪೆ ಬಡಿಯದೆ ಮುಖ ದಿಟ್ಟಿಸುತ್ತಾಳೆ. ಮೀನು ಮುಟ್ಟಿದವನು ತಾನಾಗಿ ಕಣ್ಣು ತಗ್ಗಿಸುತ್ತಾನೆ. "ಮೀನ್ ತಿಂದ್ ಬಂದಿದೀಯಲ್ಲಪ್ಪಾ? ನಡಿ ಆಚೆ!" ಅಂದರೆ ಮುಗಿಯಿತು, ಆ ದಿನ ಅವನಿಗೆ ಅಂಗಳವೇ ಗತಿ. ಮೀನಿಗೆ ಆಹಾರವಾದ, ಎಳ್ಳಿನಷ್ಟಿರುವ ಆ ನೀರ್ಜೀವಿಗಳಿಗೆ ಮೀನು ಕಣ್ಣಿಗೆ ಬೀಳಬೇಕಾಗಿಲ್ಲ. ಅದರ ವಾಸನೆ ನೀರಿಗೆ ಸೋಕಿದರೆ ಸಾಕು, ಜೀವ ಕೈಯಲ್ಲಿ ಹಿಡಿದು ತಳಕ್ಕಿಳಿಯುತ್ತವೆ. "ಹೆದರಿಕೆ ನಾವ್ ಕೊಟ್ಟಾಗ್ಲೇ ಬರ್ಬೇಕು ಕಣೇ. ಮೊದ್ಲೇ ಬಂದ್ರೆ ಪ್ರಯೋಗ ಮಣ್ಣುಪಾಲು" ಎಂದು ವಿದ್ಯಾರ್ಥಿನಿ ಲೊವಿಸಾಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಪ್ರಯೋಗಕ್ಕೆಂದು ಮೀನು ಸಾಕಿರುವ ಪಕ್ಕದ ಮೀನಿನ ಕೋಣೆಯ ಬಕೆಟ್ಟಿಗೆ ಕೆಂಪು ಪಟ್ಟಿ ಬಳಿದಿದ್ದಾಳೆ. ಅದನ್ನು ಈಚೆ ತಂದವರಿಗೆ ಮಂಗಳಾರತಿ ತಪ್ಪದು. ಇಂಥವಳು ಒಂದು ವರ್ಷ ಸಾಕಿದ ಚಿಗಟಗಳು, ಪ್ರಯೋಗ ಶುರುವಾಗಬೇಕಿದ್ದ ಬೆಳಿಗ್ಗೆಯೇ, ಅವಳು ನೀರು ಬದಲಿಸಿದ ಅರ್ಧ ಗಂಟೆಗೆ ಇಪ್ಪತ್ತೂ ಜಾಡಿಗಳಲ್ಲಿ ತಳ ಸೇರಿದವು. ಗುನ್ವೋರ್ ಎಲ್ಲರ ಕೈಯನ್ನೂ ಮೂಸಿದಳು. ಯಾರೂ ಕಣ್ಣು ತಗ್ಗಿಸಲಿಲ್ಲ. ಉಳಿದವರನ್ನೆಲ್ಲ ಕಳಿಸಿ, ಬಾಗಿಲು ಹಾಕಿ, ತನ್ನ ಕೈಗಳನ್ನೇ ಲೊವಿಸಾಳ ಮುಂದೆ ಚಾಚಿದಳು. "ನೀನೇ ಮೂಸ್ ನೋಡೇ. ನನ್ ಮೂಗು ಸತ್ತು ಎರಡು ವರ್ಷ ಆಯ್ತು. ಇಷ್ಟ್ ದಿನ ಅವರ ಕಣ್ ನೋಡೇ ಹಿಡೀತಿದ್ದೆ. ಯಾರಿಗೂ ಹೇಳ್ಬೇಡ, ಕೆಲ್ಸ ಹೋಗತ್ತೆ." ಲೊವಿಸಾ ಬಗ್ಗಿದಳು. ಬೆರಳುಗಳಲ್ಲಿ ಬರೀ ಸೋಪಿನ ವಾಸನೆ. ಆದರೆ ಗುನ್ವೋರ್ ಹಿಂದಿನ ದಿನ ಮೀನಿನ ಕೋಣೆಯಲ್ಲಿ ಮರೆತು ಬಂದು, ಬೆಳಿಗ್ಗೆ ತೊಟ್ಟುಕೊಂಡಿದ್ದ ಸ್ವೆಟರಿನ, ನೀರು ಬದಲಿಸುವಾಗ ಒದ್ದೆಯಾದ ತೋಳಿನಿಂದ ಮೀನಿನ ನಾತ ಗಪ್ಪೆಂದು ಮೂಗಿಗೆ ಬಡಿಯಿತು. "ಏನಾದ್ರೂ ಇದ್ಯಾ?" ಎಂದಳು ಗುನ್ವೋರ್, ರೆಪ್ಪೆ ಬಡಿಯದೆ. ಲೊವಿಸಾ ಕಣ್ಣು ತಗ್ಗಿಸಿದಳು.